ನೊರೆ ಕಾರುವ ನಲ್ಲಿ

ಸಂಘದ ಪತ್ರಿಕೆಯಲ್ಲಿ ಹೆಂಗಸೊಬ್ಬಳು ಬರೆದಳೆಂದರೆ ಅದು ಉಪ್ಪಿನಕಾಯಿಯ ವಿಷಯವೋ, ಕಾಶಿಯಾತ್ರೆಯ ವಿಷಯವೋ ಇರಬೇಕೆಂದು ನೀವು ಪುಟ ಮಗುಚುವ ಮುನ್ನ ಒಂದು ಮಾತು. ಈ ಸಲ ನಾನು ಬರೆಯುತ್ತಿರುವುದು ಬಿಯರಿನ ಬಗ್ಗೆ. ಸರಿಯಾಗಿಯೇ ಓದಿದಿರಿ. ಅದರ ಒಂದು ಗುಟುಕನ್ನೂ ಕುಡಿದವಳು ನಾನಲ್ಲ, ಕುಡಿಯಿರೆಂದು ಹೇಳುವವಳೂ ಅಲ್ಲ. ಆದರೆ ನಿಮ್ಮಲ್ಲಿ ಹಲವರು ಓದಲಿಕ್ಕೋ ನೌಕರಿಗೋ ಅಮೆರಿಕಕ್ಕೆ ಹೋಗುವವರು. ಅಲ್ಲಿ ಮನೆಯೊಳಗೇ ಬಿಯರಿನ ನಲ್ಲಿ ಇಟ್ಟುಕೊಳ್ಳುವವರೂ ನಿಮ್ಮಲ್ಲಿ ಇದ್ದಾರು. ಅಮ್ಮನಿಗೆ ಹೇಳದೆ ಇಟ್ಟುಕೊಳ್ಳುವವರಂತೂ ಇದ್ದೇ ಇದ್ದಾರೆ. ನನ್ನ ಮಗ ಮಾಡಿದ್ದು ಅದನ್ನೇ.

2023ರ ಮೇ ತಿಂಗಳಲ್ಲಿ ಸೊಸೆಯ ಬಾಣಂತನಕ್ಕೆಂದು ನಾನು ಡೆನ್ವರಿಗೆ ಹೋದೆ. ಕೊಲೊರಾಡೋ ರಾಜ್ಯದ ಆ ಊರು ಸಮುದ್ರಮಟ್ಟದಿಂದ ಒಂದು ಮೈಲಿ ಎತ್ತರದಲ್ಲಿದೆ. ಅಂದರೆ 5,280 ಅಡಿ. ಈ ಸಂಖ್ಯೆಯನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ. ಅಲ್ಲಿನ ಮನೆಗಳಿಗೆ ನೆಲಮಾಳಿಗೆ ಇರುತ್ತದೆ. ಎರಡನೆಯ ದಿನ ಬಟ್ಟೆ ಒಗೆಯುವ ಮೆಷಿನ್ ಹುಡುಕುತ್ತ ಕೆಳಗೆ ಇಳಿದವಳಿಗೆ ಮೂಲೆಯಲ್ಲೊಂದು ಗಿಡ್ಡ ಫ್ರಿಜ್ ಕಂಡಿತು. ತಲೆಯ ಮೇಲೆ ಸ್ಟೀಲಿನ ಕಂಬ, ಕಂಬಕ್ಕೊಂದು ನಲ್ಲಿ. ಕುಡಿಯುವ ನೀರಿನದಿರಬೇಕೆಂದುಕೊಂಡು ಲೋಟ ಹಿಡಿದೆ. ಬುಸ್ಸೆಂದು ಬಿಳಿ ನೊರೆ ಬಂತು.

ನನ್ನ ಎದೆ ಧಸಕ್ಕೆಂದದ್ದು ನೊರೆಗಲ್ಲ. ನಮ್ಮ ದೊಡ್ಡ ಭಾವನವರು ಕುಡಿತದಿಂದಲೇ ಹೋದವರು. ವಯಸ್ಸು ನಲವತ್ತಾರು. ಮುಂಬಯಿಯ ಎರಡು ಕೋಣೆಯ ಮನೆಯಲ್ಲಿ ಒಬ್ಬರ ಗುಟ್ಟು ಇನ್ನೊಬ್ಬರಿಗೆ ತಿಳಿಯದೆ ಇರುವುದಿಲ್ಲ ಎನ್ನುತ್ತಾರೆ. ನಮಗೆ ತಿಳಿದಿರಲಿಲ್ಲ. ಒಮ್ಮೆ ರದ್ದಿಯವನು ಅತ್ತೆಯ ಕೈಗೆ ದುಡ್ಡು ಎಣಿಸುತ್ತ, "ಮಾಜಿ, ಈ ತಿಂಗಳು ಬಾಟಲಿ ಜಾಸ್ತಿ" ಎಂದ. ಹಾಗೆ ಗೊತ್ತಾಯಿತು. ಈ ನಲ್ಲಿಗೆ ಬಾಟಲಿಯೂ ಇಲ್ಲ, ಲೆಕ್ಕ ಹೇಳಲು ರದ್ದಿಯವನೂ ಇಲ್ಲವಲ್ಲ ಎಂದು ಒಗೆಯುವ ಬಟ್ಟೆ ಹಿಡಿದುಕೊಂಡು ಅಲ್ಲೇ ನಿಂತೆ.

ಮಗನಿಗೆ ಮಾತ್ರ ಬೇರೆ ಚಿಂತೆ. ತಿಂಗಳ ಕೊನೆಗೆ ಮೆಮೋರಿಯಲ್ ಡೇ ರಜೆ, ಆಫೀಸಿನ ಗೆಳೆಯರು ಊಟಕ್ಕೆ ಬರುವವರು, ನಲ್ಲಿಯೋ ಬರೀ ನೊರೆ ಕಾರುತ್ತಿದೆ. ಲೋಟಕ್ಕೆ ಮುಕ್ಕಾಲು ನೊರೆ, ಕಾಲು ಬಿಯರ್. ಅವನು ದಿನಾ ಕೆಳಗಿಳಿದು ಒಂದು ತಿರುಪನ್ನು ಅತ್ತ ಇತ್ತ ತಿರುಗಿಸಿ ಮುಖ ಸಪ್ಪಗೆ ಮಾಡಿಕೊಂಡು ಬರುತ್ತಿದ್ದ. "ಕೈಪಿಡಿ ಎಲ್ಲಿ, ಕೊಡು" ಎಂದೆ. "ಅಮ್ಮ, ಅದು ನಿನಗೆ ಅರ್ಥವಾಗೋದಲ್ಲ" ಎಂದ. ಮೂವತ್ತು ವರ್ಷ ಗ್ಯಾಸ್ ಸಿಲಿಂಡರನ್ನೂ ಕುಕ್ಕರನ್ನೂ ಸಂಭಾಳಿಸಿದವಳಿಗೆ ಹೇಳುವ ಮಾತೇ ಇದು? ಇಂಗ್ಲಿಷ್ ಮುಖ್ಯ ವಿಷಯವಾಗಿ ಬಿ.ಎ. ಮಾಡಿದ್ದೆ. ಷೇಕ್ಸ್‌ಪಿಯರನನ್ನು ಓದಿದ್ದು ಜೀವನದಲ್ಲಿ ಎಲ್ಲಿಗೂ ಬರಲಿಲ್ಲ, ಇಪ್ಪತ್ನಾಲ್ಕು ಪುಟದ ಕೈಪಿಡಿಯನ್ನು ಕೂತು ಓದಲಿಕ್ಕಾದರೂ ಬಂತು.

ಯಂತ್ರ ಸರಳವಾದದ್ದೇ. ಫ್ರಿಜ್ಜಿನೊಳಗೆ ಕೆಗ್, ಅಂದರೆ ಬಿಯರ್ ತುಂಬಿದ ಸ್ಟೀಲಿನ ಪೀಪಾಯಿ. ಮಗನದು ಚಿಕ್ಕ ಜಾತಿಯದು, ಹತ್ತೊಂಬತ್ತೂವರೆ ಲೀಟರಿನದು. ಪಕ್ಕದಲ್ಲಿ ಇಂಗಾಲದ ಡೈ ಆಕ್ಸೈಡಿನ ಸಿಲಿಂಡರ್. ಕೋಣೆಯ ಬಿಸಿಯಲ್ಲಿ ಅದರೊಳಗಿನ ಒತ್ತಡ ಚದರ ಇಂಚಿಗೆ 800 ಪೌಂಡಿಗೂ ಹೆಚ್ಚು. ರೆಗ್ಯುಲೇಟರು ಅದನ್ನು ಹತ್ತು ಹದಿಮೂರಕ್ಕೆ ಇಳಿಸಿ ಪೀಪಾಯಿಗೆ ಕಳಿಸುತ್ತದೆ. ಆ ಗಾಳಿ ಬಿಯರನ್ನು ಒತ್ತುತ್ತದೆ, ಬಿಯರ್ ಸಣ್ಣ ಪೈಪಿನಲ್ಲಿ ಏರಿ ನಲ್ಲಿಗೆ ಬರುತ್ತದೆ. ಪೀಪಾಯಿಯ ಬಾಯಿಗೆ ಕೂರಿಸುವ ಕೀಲಿಗೆ ಕಪ್ಲರ್ ಎನ್ನುತ್ತಾರೆ. ಅಮೆರಿಕದ ಪೀಪಾಯಿಗಳಿಗೆ ಹೆಚ್ಚಾಗಿ 'ಡಿ' ನಮೂನೆ, ಯುರೋಪಿನವಕ್ಕೆ ಹೆಚ್ಚಾಗಿ 'ಎಸ್'. ಕೊಳ್ಳುವ ಮೊದಲೇ ಕೇಳಿಕೊಳ್ಳಬೇಕು, ಇಲ್ಲವಾದರೆ ಪೀಪಾಯಿ ಒಂದು ಕಡೆ, ಕೀಲಿ ಒಂದು ಕಡೆ.

ಇನ್ನು ಮಗನ ತಪ್ಪಿಗೆ ಬರೋಣ. ನೊರೆ ಹೆಚ್ಚಾಯಿತೆಂದು ಅವನು ಮಾಡುತ್ತಿದ್ದದ್ದು ಒತ್ತಡ ಇಳಿಸುವುದು. ಯಾರಾದರೂ ಹಾಗೆಯೇ ಯೋಚಿಸುತ್ತಾರೆ, ಹಾಲು ಉಕ್ಕಿದರೆ ಉರಿ ಸಣ್ಣ ಮಾಡುವುದಿಲ್ಲವೆ? ಇಲ್ಲಿ ಅದು ಉಲ್ಟಾ. ಗೋಲಿ ಸೋಡಾ ನೆನಪಿಸಿಕೊಳ್ಳಿ, ನೀವು ನೋಡಿರದಿದ್ದರೆ ಅಪ್ಪನನ್ನು ಕೇಳಿ. ಗೋಲಿ ಕತ್ತಿಗೆ ಒತ್ತಿಕೊಂಡಿರುವಷ್ಟು ಹೊತ್ತು ಸೋಡಾ ನೀರಿನ ಹಾಗೆ ಸುಮ್ಮನಿರುತ್ತದೆ. ಗೋಲಿ ಒಳಗೆ ಬಿದ್ದು ಒತ್ತಡ ಹೋದೊಡನೆ ಗುಳ್ಳೆ ಏಳುತ್ತದೆ. ಬಿಯರಿನಲ್ಲಿಯೂ ಗಾಳಿ ಕರಗಿ ಕೂತಿರುತ್ತದೆ. ಒತ್ತಡ ಕಡಿಮೆಯಾದರೆ ಪೈಪಿನೊಳಗೇ ಅದು ಬಿಟ್ಟುಕೊಂಡು ಗುಳ್ಳೆಯಾಗುತ್ತದೆ, ಆ ಗುಳ್ಳೆಯೇ ನಲ್ಲಿಯಲ್ಲಿ ನೊರೆ. ಹೀಗೆ ಕೆಲವು ದಿನ ನಡೆದರೆ ಬಿಯರ್ ಚಪ್ಪೆಯೂ ಆಗುತ್ತದೆ. ಅಂದ ಹಾಗೆ ಸೋಡಾ ನೀರಿಗೂ ಬಿಯರಿಗೂ ಹಳೆಯ ನೆಂಟಸ್ತನ. 1767ರಲ್ಲಿ ಇಂಗ್ಲೆಂಡಿನ ಲೀಡ್ಸ್ ಊರಿನಲ್ಲಿ ಜೋಸೆಫ್ ಪ್ರೀಸ್ಟ್‌ಲೀ ಎಂಬ ಪಾದ್ರಿ ತನ್ನ ನೆರೆಯಲ್ಲಿದ್ದ ಬಿಯರ್ ಭಟ್ಟಿಯ ತೊಟ್ಟಿಯ ಮೇಲೆ ನಿಲ್ಲುತ್ತಿದ್ದ ಗಾಳಿಯನ್ನು ನೀರಿಗೆ ಬೆರೆಸಿದ, ಅದೇ ಸೋಡಾ ಆಯಿತು.

ಕೈಪಿಡಿ ಓದಿ ಮುಗಿಸಿ ನಾನು ಮಗನಿಗೆ ಹೇಳಿದ್ದು ಒಂದೇ. ತಿರುಪು ಮುಟ್ಟಬೇಡ, ಒಂದೊಂದಾಗಿ ನೋಡೋಣ.

ಮೊದಲು ತಂಪು. ಫ್ರಿಜ್ಜಿನ ಮೇಲಿನ ಅಂಕಿಯನ್ನು ನಂಬಬಾರದು, ಅದು ಒಳಗಿನ ಗಾಳಿಯ ಅಂಕಿ. ಒಂದು ಲೋಟ ನೀರಿನಲ್ಲಿ ಥರ್ಮಾಮೀಟರ್ ಮುಳುಗಿಸಿ ರಾತ್ರಿಯೆಲ್ಲ ಒಳಗಿಟ್ಟೆವು. ಬೆಳಿಗ್ಗೆ ನೋಡಿದರೆ 46 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 8 ಸೆಲ್ಸಿಯಸ್. ಬೇಕಾದದ್ದು 38, ನಮ್ಮ ಲೆಕ್ಕದ ಮೂರು ಚಿಲ್ಲರೆ. ತಂಪು ಕಡಿಮೆಯಾದಷ್ಟೂ ಗಾಳಿ ಬಿಯರಿನಲ್ಲಿ ನಿಲ್ಲುವುದಿಲ್ಲ. ಹೊಸ ಪೀಪಾಯಿ ತಂದ ದಿನವೇ ಬಾಯಿ ತೆರೆಯಬಾರದೆಂಬುದೂ ಇದಕ್ಕೇ. ಕಾರಿನ ಡಿಕ್ಕಿಯಲ್ಲಿ ಕುಲುಕಿ ಬಿಸಿಯಾಗಿ ಬಂದದ್ದನ್ನು ಒಂದು ಹಗಲು ಒಂದು ರಾತ್ರಿ ತಣ್ಣಗೆ ಬಿಡಬೇಕು.

ತಂಪು ಸರಿಯಾಯಿತು. ಮೊದಲ ಲೋಟದಲ್ಲಿ ನೊರೆ, ಮುಂದಿನವು ಪರವಾಗಿಲ್ಲ. ಮೊದಲ ಲೋಟಕ್ಕೆ ಕಾರಣ ಆ ಕಂಬ. ಫ್ರಿಜ್ಜಿನ ಹೊರಗಿರುವ ಕಂಬ ಬೆಚ್ಚಗಾಗಿ, ಅದರೊಳಗೆ ನಿಂತ ಬಿಯರೂ ಬೆಚ್ಚಗಾಗಿರುತ್ತದೆ. ಒಳಗಿನ ತಣ್ಣನೆಯ ಗಾಳಿಯನ್ನು ಕಂಬದೊಳಗೆ ಊದುವ ಪುಟ್ಟ ಫ್ಯಾನ್ ಸಿಗುತ್ತದೆ, ಹಾಕಿಸಿದ. ಆದರೂ ಪೂರ್ತಿ ಹಿತವಾಗಲಿಲ್ಲ, ಪಾರದರ್ಶಕ ಪೈಪಿನಲ್ಲಿ ಸಣ್ಣ ಸಣ್ಣ ಗುಳ್ಳೆಗಳು ಕಾಣುತ್ತಲೇ ಇದ್ದವು. ಕೈಪಿಡಿಯ ಪಟ್ಟಿಯಲ್ಲಿ 38 ಡಿಗ್ರಿಗೆ ಒತ್ತಡ 11 ಎಂದಿತ್ತು, ಮುಳ್ಳೂ 11ರಲ್ಲೇ ಇತ್ತು. ತಪ್ಪೆಲ್ಲಿ?

ಉತ್ತರ ಸಿಕ್ಕಿದ್ದು ಅಡುಗೆಮನೆಯಲ್ಲಿ. ಬಂದ ದಿನದಿಂದಲೂ ಪಾತ್ರೆಯಲ್ಲಿ ತೊಗರಿಬೇಳೆ ಬೇಯುತ್ತಲೇ ಇರಲಿಲ್ಲ. ಬೇಳೆ ಹಳೆಯದೆಂದು ಅಂಗಡಿಯವನನ್ನು ಬೈದುಕೊಂಡಿದ್ದೆ. ಬೇಳೆಯ ತಪ್ಪಲ್ಲ, ಡೆನ್ವರಿನಲ್ಲಿ ನೀರು 95 ಡಿಗ್ರಿಗೇ ಕುದಿಯುತ್ತದೆ. ಅಷ್ಟು ಎತ್ತರದಲ್ಲಿ ಹೊರಗಿನ ಗಾಳಿಯ ಒತ್ತಡವೇ ಕಡಿಮೆ. ಹಾಗಾದರೆ ರೆಗ್ಯುಲೇಟರಿನ ಮುಳ್ಳು ಹೇಳುವುದೇನು? ಹೊರಗಿನ ಗಾಳಿಗಿಂತ ಎಷ್ಟು ಹೆಚ್ಚು ಎಂಬುದನ್ನು ಮಾತ್ರ! ಸಮುದ್ರದ ಬಳಿಯ 11ಕ್ಕೂ ಇಲ್ಲಿಯ 11ಕ್ಕೂ ವ್ಯತ್ಯಾಸವಿದೆ. ಕೈಪಿಡಿಯ ಕೊನೆಯ ಪುಟದಲ್ಲಿ ಇರುವೆ ಅಕ್ಷರದಲ್ಲಿ ಬರೆದೂ ಇತ್ತು: ಸಾವಿರ ಅಡಿ ಎತ್ತರಕ್ಕೆ ಸುಮಾರು ಅರ್ಧ ಪೌಂಡ್ ಸೇರಿಸಿರಿ. 5,280 ಅಡಿಗೆ ಎರಡೂವರೆಗೂ ಮೇಲೆ. ಮುಳ್ಳನ್ನು ಹದಿಮೂರೂವರೆಗೆ ಏರಿಸಿದೆವು. ಮರುದಿನ ಪೈಪಿನಲ್ಲಿ ಗುಳ್ಳೆ ಇಲ್ಲ. ಮಗ ಇಂಜಿನಿಯರು, ಸೊಸೆಯ ಮುಂದೆ ಏನೂ ಹೇಳಲಿಲ್ಲ, ಬೇಳೆಗೆ ಮಾತ್ರ ಕುಕ್ಕರ್ ತಂದುಕೊಟ್ಟ.

ಒತ್ತಡ ಏರಿಸಿದರೆ ಬಿಯರ್ ರಭಸದಿಂದ ನುಗ್ಗುತ್ತದೆ, ಆ ರಭಸಕ್ಕೂ ನೊರೆಯೇ. ಅದನ್ನು ತಡೆಯುವುದು ಪೈಪಿನ ಉದ್ದ. ಯಂತ್ರದೊಂದಿಗೆ ಬಂದದ್ದು ಐದೇ ಅಡಿ. ಅದೇ ಅಳತೆಯ, ಒಳವ್ಯಾಸ ಇಂಚಿನ ಹದಿನಾರರಲ್ಲಿ ಮೂರು ಪಾಲಿನದು, ಹತ್ತು ಅಡಿ ತಂದು ಸುರುಳಿ ಸುತ್ತಿಟ್ಟ. ಸುಯ್ಯೆನ್ನುತ್ತಿದ್ದ ನಲ್ಲಿ ಅಂದಿನಿಂದ ಮೆಲ್ಲಗೆ ಸುರಿಯತೊಡಗಿತು. ನಲ್ಲಿಯನ್ನು ಅರ್ಧ ತೆರೆಯುವ ಅಭ್ಯಾಸ ನಿಮಗಿದ್ದರೆ ಬಿಡಿ. ಲೋಟ ಓರೆ ಹಿಡಿದು, ಒಂದೇ ಸಲಕ್ಕೆ ಪೂರ್ತಿ ತೆರೆಯಬೇಕು.

ಗ್ಯಾಸ್ ಸೋರುವುದು ಇನ್ನೊಂದು ರಗಳೆ. ಮಗನ ಮೊದಲ ಸಿಲಿಂಡರ್ ಎರಡೇ ದಿನದಲ್ಲಿ ಖಾಲಿಯಾಗಿತ್ತಂತೆ. ಅಂಗಡಿಯವರು ಸಿಲಿಂಡರಿಗೂ ರೆಗ್ಯುಲೇಟರಿಗೂ ನಡುವಿನ ವಾಷರ್ ಕೊಡುವುದನ್ನೇ ಮರೆತಿದ್ದರು. ಪರೀಕ್ಷೆ ನಿಮ್ಮ ಅಮ್ಮನಿಗೆ ಗೊತ್ತಿರುವುದೇ: ಸೋಪಿನ ನೀರು ಸವರುವುದು, ಗುಳ್ಳೆ ಎದ್ದಲ್ಲಿ ಸೋರಿಕೆ. ಆದರೆ ಒಂದು ಭೇದ ತಿಳಿದಿರಲಿ. ಅಡುಗೆ ಗ್ಯಾಸಿಗೆ ಬೇಕೆಂದೇ ವಾಸನೆ ಬೆರೆಸಿರುತ್ತಾರೆ, ಇದಕ್ಕೆ ವಾಸನೆಯಿಲ್ಲ. ಗಾಳಿಗಿಂತ ಭಾರವಾದ್ದರಿಂದ ನೆಲಮಾಳಿಗೆಯಲ್ಲಿ ತಳಕ್ಕೆ ತುಂಬಿಕೊಳ್ಳುತ್ತದೆ, ಉಸಿರು ಕಟ್ಟಿ ಜೀವಕ್ಕೇ ಅಪಾಯ. ಬಾಗಿಲು ಮುಚ್ಚಿದ ಕೋಣೆಯಲ್ಲಿ ತಲೆನೋವು, ಏದುಸಿರು ಬಂದರೆ ತಿರುಪು ಹುಡುಕುತ್ತ ಕೂರಬೇಡಿ, ಮೇಲೆ ಹೋಗಿ. ಸಿಲಿಂಡರ್ ಯಾವಾಗಲೂ ನೆಟ್ಟಗೆ ನಿಂತು, ಬೀಳದಂತೆ ಕಟ್ಟಿರಬೇಕು.

ತೊಳೆಯುವುದಂತೂ ಗಂಡುಮಕ್ಕಳು ಮರೆಯುವ ಕೆಲಸ. ಎರಡು ವಾರಕ್ಕೊಮ್ಮೆ ಪೈಪಿನೊಳಗೆ ಕ್ಷಾರದ ದ್ರಾವಣ ಹಾಯಿಸಿ, ಕಾಲು ಗಂಟೆಯಾದರೂ ಓಡಿಸಿ, ಆಮೇಲೆ ಚೆನ್ನಾಗಿ ನೀರು ಬಿಡಬೇಕು. ಕೈಗವಸು ತಪ್ಪದೆ ಹಾಕಿ, ಚರ್ಮ ಸುಡುತ್ತದೆ. ನಲ್ಲಿಯನ್ನು ಬಿಚ್ಚಿ ಬ್ರಶ್ ಹಾಕಿ ಉಜ್ಜಬೇಕು. ಮಗನ ನಲ್ಲಿ ಬಿಚ್ಚಿದಾಗ ಒಳಗೆ ಕಂಡ ಲೋಳೆಯನ್ನು ಇಲ್ಲಿ ವರ್ಣಿಸುವುದಿಲ್ಲ. ಬಿಯರಿಗೆ ಬೆಣ್ಣೆಯ ವಾಸನೆಯೋ ಹುಳಿ ವಾಸನೆಯೋ ಬಂದರೆ ಪೈಪಿನಲ್ಲಿ ಬ್ಯಾಕ್ಟೀರಿಯಾ ಮನೆ ಮಾಡಿರಬಹುದು, ಅದನ್ನು ಮೊದಲು ನೋಡಿ.

ಪಾರ್ಟಿ ಚೆನ್ನಾಗಿ ಕಳೆಯಿತು. ಗೆಳೆಯರು ಪೀಪಾಯಿ ಖಾಲಿ ಮಾಡಿದರು, ನಾನು ಮಾಡಿದ ಗೋಳಿಬಜೆಯನ್ನೂ. ಹೊಸ ಪೀಪಾಯಿ ಇಡುವಾಗ ನಾನೊಂದು ಸಲಹೆ ಕೊಟ್ಟೆ. ಒಳಗೆಷ್ಟು ಉಳಿದಿದೆಯೆಂದು ಹೊರಗಿನಿಂದ ಕಾಣುವುದಿಲ್ಲವಲ್ಲ, ಕೆಳಗೊಂದು ತೂಕದ ಯಂತ್ರ ಇಡು. ಲೆಕ್ಕ ಸುಲಭ. ತುಂಬಿದಾಗ 58 ಪೌಂಡ್, ಖಾಲಿ ಪೀಪಾಯಿ ಹದಿನಾರರ ಆಸುಪಾಸು, ಅಮೆರಿಕದ ಒಂದು ಲೋಟ ಬಿಯರ್ ಸುಮಾರು ಒಂದು ಪೌಂಡ್. "ಭಾರಿ ಐಡಿಯಾ ಅಮ್ಮ" ಎಂದು ಬಾತ್‌ರೂಮಿನ ತೂಕದ ಯಂತ್ರ ತಂದಿಟ್ಟ. ನನಗೆ ಆ ಯಂತ್ರ ಯಾಕೆ ಬೇಕಿತ್ತೆಂದು ಅವನಿಗೆ ಹೊಳೆಯಲಿಲ್ಲ.

ಜೂನಿನಲ್ಲಿ ಮೊಮ್ಮಗಳು ಹುಟ್ಟಿದಳು. ಸೊಸೆ ಕುಡಿಯುವ ಹಾಗಿಲ್ಲ, ನೆಂಟರೂ ಬರುವವರಿಲ್ಲ. ಬಟ್ಟೆ ಒಗೆಯಲು ಇಳಿದಾಗಲೆಲ್ಲ ನಾನು ಫ್ರಿಜ್ಜಿನ ಬಾಗಿಲು ತೆರೆದು ಅಂಕಿ ನೋಡುತ್ತಿದ್ದೆ. ಮೊದಲ ವಾರ ನಾಲ್ಕು ಪೌಂಡ್ ಇಳಿಯಿತು. ಎರಡನೆಯ ವಾರ ಏಳು. ಮೂರನೆಯ ವಾರ ಹದಿನಾಲ್ಕು.

ಆ ರಾತ್ರಿ ಮಗುವಿನ ಲಂಗೋಟಿ ಮಡಚುತ್ತ ಕೇಳಿಯೇಬಿಟ್ಟೆ. "ಮಗಾ, ಈ ವಾರ ಹದಿನಾಲ್ಕು ಲೋಟ ಆಯಿತಲ್ಲ." ಅವನು ತಲೆ ಎತ್ತಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, "ಅದಕ್ಕಾ ತೂಕದ ಮೆಷಿನ್ ಇಡಿಸಿದ್ದು?" ಎಂದ. ಹೌದೆಂದೆ. ದೊಡ್ಡಪ್ಪನ ಬಾಟಲಿಗಳ ಕಥೆ ಹೇಳಿದೆ, ಅವನಿಗೆ ಇದುವರೆಗೆ ಯಾರೂ ಹೇಳಿರಲಿಲ್ಲ, ಹೃದಯಾಘಾತ ಎಂದೇ ಹೇಳಿ ಬೆಳೆಸಿದ್ದೆವು. ಅವನೂ ಹೇಳಿದ. ಆಫೀಸಿನಲ್ಲಿ ಕೆಲಸದಿಂದ ತೆಗೆಯುತ್ತಿದ್ದಾರೆ, ಅವನ ತಂಡದಲ್ಲೇ ಇಬ್ಬರು ಹೋದರು, ಮಗು ಎರಡು ಗಂಟೆಗೆ ಎದ್ದರೆ ಆಮೇಲೆ ಇವನಿಗೆ ನಿದ್ದೆ ಬರುವುದಿಲ್ಲ, ಕೆಳಗೆ ಹೋಗಿ ಕೂರುತ್ತಾನೆ. ಹೆಂಡತಿಗೆ ಹೇಳಿರಲಿಲ್ಲ. ಮರುದಿನ ಹೇಳಿದ. ಎರಡು ಗಂಟೆಯ ಪಾಳಿ ನಾನು ವಹಿಸಿಕೊಂಡೆ.

ಅದಾದ ಮೇಲೆ ಫ್ರಿಜ್ಜಿನ ಬಾಗಿಲ ಮೇಲೆ ಒಂದು ಹಾಳೆ ಅಂಟಿತು. ತಾರೀಖು, ತೂಕ, ಅವನದೇ ಅಕ್ಷರ. ನಾನು ಅಕ್ಟೋಬರಿನಲ್ಲಿ ಹೊರಡುವಾಗ ಎರಡನೆಯ ಹಾಳೆ ಅರ್ಧವಾಗಿತ್ತು, ಅಂಕಿಗಳು ಮೊದಲ ವಾರದ ನಾಲ್ಕರ ಹತ್ತಿರ ಹತ್ತಿರವೇ ಇದ್ದವು.

ಈಗಲೂ ಒಮ್ಮೊಮ್ಮೆ ರಾತ್ರಿ ಫೋನ್ ಬರುತ್ತದೆ. "ಅಮ್ಮ, ಮತ್ತೆ ನೊರೆ." ನೀರಿನ ಲೋಟದಲ್ಲಿ ಥರ್ಮಾಮೀಟರ್ ಇಟ್ಟೆಯಾ ಎಂದು ನಾನು ಕೇಳುತ್ತೇನೆ. ಇಟ್ಟಿರುವುದಿಲ್ಲ.