ಸ್ಟೆಂಟ್ ಹಾಕುವಾಗ ರಕ್ತನಾಳದ ಒಳಗೂ ನೋಡಬೇಕೆ?

ಊರಿಂದ ಅಪ್ಪನ ಆಂಜಿಯೋಗ್ರಾಫಿ ಸಿಡಿ ತರಿಸಿಕೊಂಡು ಗೋರೆಗಾಂವ್‌ನ ನನ್ನ ಕ್ಲಿನಿಕ್ಕಿಗೆ ಬರುವವರು ಕೇಳುತ್ತಾರೆ: "ಡಾಕ್ಟ್ರೇ, ಬ್ಲಾಕ್ ಕಾಣ್ತಾ ಇದೆಯಲ್ಲ, ಮತ್ತೆ ಐವಸ್, ಓಸಿಟಿ ಅಂತ ಬೇರೆ ಖರ್ಚು ಯಾಕೆ?"

ಆಂಜಿಯೋಗ್ರಾಫಿಯಲ್ಲಿ ಕಾಣುವುದು ರಕ್ತ ಹರಿಯುವ ದಾರಿಯ ನೆರಳು ಮಾತ್ರ, ನಾಳದ ಗೋಡೆಯಲ್ಲ. ಐವಸ್ ಶಬ್ದತರಂಗದಿಂದ, ಓಸಿಟಿ ಬೆಳಕಿನಿಂದ ನಾಳದ ಒಳಗಿನಿಂದಲೇ ಚಿತ್ರ ತೆಗೆಯುತ್ತವೆ. ಕ್ಯಾಲ್ಸಿಯಂ ಎಷ್ಟಿದೆ, ಯಾವ ಅಳತೆಯ ಸ್ಟೆಂಟ್ ಬೇಕು, ಹಾಕಿದ ಮೇಲೆ ಅದು ಪೂರ್ತಿ ಅರಳಿದೆಯೇ ಎಂಬುದು ಗೊತ್ತಾಗುತ್ತದೆ. ಸರಿಯಾಗಿ ಅರಳದ ಸ್ಟೆಂಟ್ ಮತ್ತೆ ಮುಚ್ಚಿಕೊಳ್ಳುವ ಅಪಾಯ ಹೆಚ್ಚು.

ಎಲ್ಲರಿಗೂ ಬೇಕಿಲ್ಲ. ಎಡಭಾಗದ ಮುಖ್ಯ ನಾಳ, ಕವಲು, ಉದ್ದದ ಬ್ಲಾಕ್ ಇದ್ದರೆ ಬೇಕು. ಇಂಥ ಕ್ಲಿಷ್ಟ ಬ್ಲಾಕ್ ಇದ್ದ 1,639 ಜನರ ಮೇಲೆ ಕೊರಿಯಾದಲ್ಲಿ ನಡೆದ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಹೃದ್ರೋಗದ ಸಾವು, ಅದೇ ನಾಳದಿಂದ ಹೃದಯಾಘಾತ ಅಥವಾ ಮರುಚಿಕಿತ್ಸೆ ಆದದ್ದು ಬರೀ ಆಂಜಿಯೋಗ್ರಾಫಿ ನೋಡಿ ಸ್ಟೆಂಟ್ ಹಾಕಿದವರಲ್ಲಿ ನೂರಕ್ಕೆ ಸುಮಾರು 12. ಒಳಗಿನ ಚಿತ್ರ ನೋಡಿ ಹಾಕಿದವರಲ್ಲಿ ಸುಮಾರು 8.

ಮೊದಲೇ ಕೇಳಿ: ನಮ್ಮವರ ಬ್ಲಾಕ್ ಕ್ಲಿಷ್ಟವೇ? ಖರ್ಚೆಷ್ಟು, ಇನ್ಶೂರೆನ್ಸ್ ಕೊಡುತ್ತದೆಯೇ? ಕಿಡ್ನಿ ತೊಂದರೆ ಇದ್ದರೆ ತಿಳಿಸಿ, ಓಸಿಟಿಗೆ ಹೆಚ್ಚು ಡೈ ಬೇಕಾಗಬಹುದು.

ಆದರೆ ಎದೆನೋವು ಬಂದ ಹೊತ್ತಿನಲ್ಲಿ ಈ ಚರ್ಚೆ ಬೇಡ. ತಕ್ಷಣ 108ಕ್ಕೆ ಫೋನ್ ಮಾಡಿ.