ಟಗ್ ಮಗುಚದಿರಲು ಏನು ಬೇಕು?

ಚೆನ್ನೈನ ರಾಯಪುರಂನಲ್ಲಿ ಕಾಸಿಮೇಡು ಮೀನುಗಾರಿಕಾ ಬಂದರು. ಅದರ ಮಗ್ಗುಲಲ್ಲೇ ಚೆನ್ನೈ ಬಂದರು. ಅಲ್ಲಿ ದೈತ್ಯ ಹಡಗುಗಳನ್ನು ಎಳೆದು ದಡ ಸೇರಿಸುವುದು ಟಗ್ ಎಂಬ ಗಿಡ್ಡ ದೋಣಿ.

ಅದಕ್ಕೆ ದೊಡ್ಡ ಅಪಾಯ ಯಾವುದು ಗೊತ್ತೇ? ತಾನೇ ಹಿಡಿದ ಹಗ್ಗ! ಹಗ್ಗ ಅಡ್ಡಡ್ಡ ಜಗ್ಗಿತೋ, ಕ್ಷಣಗಳಲ್ಲಿ ಟಗ್ ಮಗುಚಬಹುದು. ಒಳಗಿದ್ದವರಿಗೆ ಹೊರಬರಲು ಸಮಯವೇ ಸಿಗದು.

ಅದಕ್ಕೇ ವಿನ್ಯಾಸಕಾರರು ದೋಣಿಯನ್ನು ಅಗಲವಾಗಿಸಿ, ಹಗ್ಗದ ಕೊಂಡಿಯನ್ನು ಆದಷ್ಟು ಕೆಳಗಿಡುತ್ತಾರೆ. ಚಾಲಕನ ಕೈಗೆಟುಕುವಲ್ಲೇ ಒಂದು ಗುಂಡಿ. ಒತ್ತಿದರೆ, ಕರೆಂಟ್ ಹೋಗಿದ್ದರೂ, ಹಗ್ಗ ಕಳಚಲೇಬೇಕು.

ಇಂಥ ದೋಣಿಗಳ ಸ್ಥಿರತೆಗೆಂದೇ ಅಂತರರಾಷ್ಟ್ರೀಯ ಕಡಲ ಸಂಸ್ಥೆಯ ಹೊಸ ನಿಯಮಗಳು 2020ರ ಜನವರಿ 1ರಿಂದ ಜಾರಿಯಲ್ಲಿವೆ.

ಆದರೆ ಸೆಕೆಯೆಂದು ಎಂಜಿನ್ ಕೋಣೆಯ ಬಾಗಿಲು ತೆರೆದಿಟ್ಟರೆ, ವಾಲಿದಾಗ ನೀರು ನುಗ್ಗುವುದು ಅಲ್ಲಿಂದಲೇ. ಎಳೆಯುವಾಗ ಬಾಗಿಲು ಮುಚ್ಚಿರಲಿ, ದಯವಿಟ್ಟು.