ಬೇಸಗೆ ರಜ ಮತ್ತು ಶಾಲೆಯ ಮಕ್ಕಳು: ತಂದೆತಾಯಿಗಳು ನೆನಪಿಡಬೇಕಾದ ಸಂಗತಿಗಳು



ಯುಗಾದಿ ಬಂತೆಂದರೆ ನಮ್ಮ ದಾವಣಗೆರೆ, ಹರಿಹರದ ಸೀಮೆಯಲ್ಲಿ ಎರಡು ಲೆಕ್ಕಗಳು ಒಟ್ಟಿಗೆ ಮುಗಿಯುತ್ತವೆ. ಒಂದು ಹೊಲದ ಲೆಕ್ಕ, ಇನ್ನೊಂದು ಶಾಲೆಯ ಲೆಕ್ಕ. ಮೆಕ್ಕೆಜೋಳಕ್ಕೆ ಎಷ್ಟು ಹಣ ಬಂತು, ಸಾಲ ಎಷ್ಟು ತೀರಿತು, ಭದ್ರಾ ನಾಲೆಯ ನೀರು ಬೇಸಗೆ ಭತ್ತಕ್ಕೆ ಕೊನೆಯವರೆಗೂ ಸಿಕ್ಕೀತೇ ಎಂದು ಅರಳಿಕಟ್ಟೆಯ ಮೇಲೆ ಮಾತು ನಡೆಯುತ್ತದೆ. ಆದರೆ ಮಗು ಈ ವರ್ಷ ಎಷ್ಟು ಓದಲು ಕಲಿಯಿತು, ಬರುವ ವರ್ಷಕ್ಕೆ ಏನು ಸಿದ್ಧತೆ ಬೇಕು ಎಂಬ ಮಾತು ಅಪರೂಪ. ಹೊಲದ ಬೆಳೆ ಕೆಟ್ಟರೆ ಮುಂದಿನ ಮಳೆಗೆ ಮತ್ತೆ ಬಿತ್ತಬಹುದು. ಮಗುವಿನ ವಯಸ್ಸು ಮತ್ತೆ ಬರುವುದಿಲ್ಲ. ಆದಕಾರಣ ಈ ಕೆಲವು ಸಂಗತಿಗಳನ್ನು ಮನೆಯಲ್ಲಿ ಎಲ್ಲರೂ ಕೂತು ಓದಿಸಿ ಕೇಳಬೇಕೆಂದು ಕೋರುತ್ತೇನೆ.

ರಜಕ್ಕೆ ಮುಂಚೆ

2024 ಮತ್ತು 2025ರಲ್ಲಿ ನಮ್ಮ ರಾಜ್ಯದ ಪ್ರಾಥಮಿಕ ಶಾಲೆಗಳಿಗೆ ಏಪ್ರಿಲ್ 11ರಿಂದ ಮೇ 28ರವರೆಗೆ ರಜವಿತ್ತು. ಮೇ 29ಕ್ಕೆ ಬಾಗಿಲು ತೆರೆಯಿತು. ಈ ಸಲದ ದಿನಾಂಕವನ್ನು ನಿಮ್ಮ ಶಾಲೆಯ ಫಲಕದಲ್ಲಿ ನೋಡಿಕೊಂಡು ಮನೆಯ ಪಂಚಾಂಗದಲ್ಲಿ ಗುರುತು ಹಾಕಿರಿ. ರಜ ಕೊಡುವ ಮೊದಲು ಫಲಿತಾಂಶ ತಿಳಿಸಲು ಉಪಾಧ್ಯಾಯರು ತಂದೆತಾಯಿಗಳನ್ನು ಕರೆಯುತ್ತಾರೆ. ಕೆಲಸವಿದೆಯೆಂದು ತಪ್ಪಿಸಿಕೊಳ್ಳಬೇಡಿ. ಹೋಗಿ, ಅಂಕಪಟ್ಟಿ ನೋಡಿ ಬಂದರೆ ಸಾಲದು. ಮಗುವಿನ ಕೈಗೆ ಪುಸ್ತಕ ಕೊಟ್ಟು ನಿಮ್ಮೆದುರಿಗೆ ಒಂದು ಪುಟ ಓದಿಸಲು ಹೇಳಿರಿ. ತಡವರಿಸಿದರೆ ಮಗುವನ್ನು ಗದರಿಸದೆ, ಯಾವುದರಲ್ಲಿ ಹಿಂದಿದೆ, ರಜದಲ್ಲಿ ಏನು ಮಾಡಿಸಬೇಕು ಎಂದು ಉಪಾಧ್ಯಾಯರನ್ನು ಕೇಳಿರಿ.

ಊರಿನ ಶಾಲೆ 5ನೆಯ ಅಥವಾ 7ನೆಯ ತರಗತಿಗೇ ಮುಗಿಯುವಲ್ಲಿ ವರ್ಗಾವಣೆ ಪತ್ರವನ್ನು ಈಗಲೇ ಪಡೆದು ಮುಂದಿನ ಶಾಲೆಗೆ ಹೆಸರು ಬರೆಸಿರಿ. ಹೆಣ್ಣುಮಕ್ಕಳ ಓದು ನಿಲ್ಲುವುದು ಹೆಚ್ಚಾಗಿ ಈ ದಾಟುವ ಜಾಗದಲ್ಲಿಯೇ. ಬಸ್ಸಿನ ಖರ್ಚು ಇನ್ನು ಕಾರಣವಾಗಲಾರದು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೂ ಹೆಣ್ಣುಮಕ್ಕಳಿಗೂ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ಟಿಗೆ ಹಣವಿಲ್ಲ.

ಒಂದನೆಯ ತರಗತಿಗೆ ಸೇರಿಸುವವರಿಗೆ

1ನೆಯ ತರಗತಿಗೆ ಸೇರುವ ಮಗುವಿಗೆ ಜೂನ್ 1ಕ್ಕೆ 6 ವರ್ಷ ತುಂಬಿರಬೇಕೆಂಬುದು ನಿಯಮ. 2025-26ನೆಯ ಸಾಲಿಗೆ ಮಾತ್ರ 5 ವರ್ಷ 5 ತಿಂಗಳಿಗೆ ಸಡಿಲಿಕೆ ಕೊಡಲಾಗಿತ್ತು. ನಿಮ್ಮ ಮಗುವಿಗೆ ಯಾವುದು ಅನ್ವಯಿಸುತ್ತದೆಂದು ಮುಖ್ಯೋಪಾಧ್ಯಾಯರಿಂದಲೇ ತಿಳಿಯಿರಿ. ಜನನ ಪ್ರಮಾಣಪತ್ರ ಮತ್ತು ಆಧಾರ್ ಹುಡುಕಿಡಿ. 5 ವರ್ಷ ತುಂಬಿದ ಮಗುವಿನ ಬೆರಳಚ್ಚನ್ನು ಆಧಾರ್‌ನಲ್ಲಿ ಹೊಸದಾಗಿ ಸೇರಿಸಬೇಕು. 5ರಿಂದ 7 ವರ್ಷದೊಳಗೆ ಇದಕ್ಕೆ ಹಣವಿಲ್ಲ. ಜಾತಿ, ಆದಾಯದ ಪತ್ರಗಳು ಬೇಕಾದವರು ಜೂನ್ ತಿಂಗಳ ನೂಕುನುಗ್ಗಲಿಗೆ ಕಾಯದೆ ಈಗಲೇ ನಾಡಕಚೇರಿಯಲ್ಲಿ ಅರ್ಜಿ ಹಾಕಿರಿ.

ಆದರೆ ಒಂದು ಮಾತು. ಕಾಗದವಿಲ್ಲವೆಂಬ ಕಾರಣಕ್ಕೆ ಮಗುವನ್ನು ಮನೆಯಲ್ಲಿ ಉಳಿಸಬೇಡಿ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯಿದೆಯಂತೆ 6ರಿಂದ 14 ವರ್ಷದ ಪ್ರತಿಯೊಂದು ಮಗುವಿಗೂ ಉಚಿತವಾಗಿ ಕಲಿಯುವ ಹಕ್ಕಿದೆ. ವಯಸ್ಸಿನ ದಾಖಲೆ ಇಲ್ಲವೆಂದಾಗಲಿ, ವರ್ಗಾವಣೆ ಪತ್ರ ತಡವಾಯಿತೆಂದಾಗಲಿ ಶಾಲೆಯವರು ಸೇರಿಸಿಕೊಳ್ಳದೆ ಇರುವಂತಿಲ್ಲ. ಕೂಲಿಗಾಗಿ ಊರು ಬಿಟ್ಟು ಹೋಗುವ ಕುಟುಂಬದವರು ಇದನ್ನು ವಿಶೇಷವಾಗಿ ನೆನಪಿಡಬೇಕು. ಹೋದ ಊರಿನ ಶಾಲೆಯಲ್ಲಿಯೂ ನಿಮ್ಮ ಮಗುವಿಗೆ ಜಾಗವಿದೆ.

5 ವರ್ಷ ದಾಟಿದ ಮಗುವಿಗೆ ಡಿ.ಪಿ.ಟಿ. ಬೂಸ್ಟರ್ ಚುಚ್ಚುಮದ್ದು, 10 ವರ್ಷಕ್ಕೆ ಟಿ.ಡಿ. ಚುಚ್ಚುಮದ್ದು ಆಗಿದೆಯೇ ಎಂದು ತಾಯಿಕಾರ್ಡು ತೆಗೆದುಕೊಂಡು ಹೋಗಿ ಆಶಾ ಕಾರ್ಯಕರ್ತೆಯನ್ನು ವಿಚಾರಿಸಿರಿ.

ನಾಲೆಯ ಮೇಲೆ ಕಣ್ಣಿಡಿ

ಈ ಲೇಖನದಲ್ಲಿ ಒಂದೇ ಸಂಗತಿಯನ್ನು ನೆನಪಿಡುವುದಾದರೆ ಇದನ್ನು ನೆನಪಿಡಿ. ನಮ್ಮ ಗದ್ದೆಗಳಿಗೆ ಜೀವ ಕೊಡುವ ಭದ್ರಾ ನಾಲೆಯೇ ರಜದ ದಿನಗಳಲ್ಲಿ ಮಕ್ಕಳ ಜೀವಕ್ಕೆ ಅಪಾಯ ತರುತ್ತದೆ. ಬಿಸಿಲಿಗೆ ಬೆಂದ ಮಕ್ಕಳು ನೀರು ಕಂಡಲ್ಲಿ ಇಳಿಯುತ್ತಾರೆ. ಅದು ಅವರ ಸ್ವಭಾವ. ಅಪಾಯ ಎಲ್ಲಿದೆ ಎಂಬುದನ್ನು ದೊಡ್ಡವರು ಅರಿತಿರಬೇಕು.

ನೀರನ್ನು ಸರದಿಯಂತೆ ಬಿಡುವುದರಿಂದ ನಿನ್ನೆ ಒಣಗಿದ್ದ ನಾಲೆ ಇಂದು ತುಂಬಿ ಹರಿಯುತ್ತದೆ. ನಿನ್ನೆ ಅದರ ತಳದಲ್ಲಿ ಆಡಿದ ಮಗು ಇಂದೂ ಅದೇ ಧೈರ್ಯದಿಂದ ಇಳಿಯುತ್ತದೆ. ಮೇಲೆ ನೀರು ನಿಧಾನವಾಗಿ ಕಂಡರೂ ಒಳಗೆ ಸೆಳೆತ ಬಲವಾಗಿರುತ್ತದೆ. ಕಾಂಕ್ರೀಟು ಹಾಸಿದ ಇಳಿಜಾರು ದಂಡೆಯ ಮೇಲೆ ಪಾಚಿ ಕಟ್ಟಿರುವುದರಿಂದ ಈಜು ಬಲ್ಲವನೂ ಹಿಡಿದು ಮೇಲೆ ಹತ್ತಲಾರ. ತೂಬು, ಮೋರಿ, ನೀರು ಧುಮುಕುವ ಕಟ್ಟೆಗಳ ಬಳಿ ಸುಳಿ ಇರುತ್ತದೆ. ಹರಿಹರದ ಬಳಿ ತುಂಗಭದ್ರೆಯಲ್ಲಿ ಬೇಸಗೆಗೆ ನೀರು ಕಡಿಮೆ ಇದ್ದರೂ ಮರಳು ತೆಗೆದ ಗುಂಡಿಗಳಿದ್ದಲ್ಲಿ ಮೊಣಕಾಲು ಮಟ್ಟದಿಂದ ಒಂದೇ ಹೆಜ್ಜೆಗೆ ಆಳ ಬಂದುಬಿಡುತ್ತದೆ. ದೇವರಬೆಳಕೆರೆ ಪಿಕಪ್, ಕೊಂಡಜ್ಜಿ ಕೆರೆ, ತೋಟದ ಕೃಷಿಹೊಂಡ, ಇವಕ್ಕೂ ಇದೇ ಎಚ್ಚರಿಕೆ ಬೇಕು.

ಹೀಗೆ ಮಾಡಿರಿ. ಹರಿಯುವ ನಾಲೆಗೆ ಇಳಿಯುವುದೇ ಬೇಡವೆಂದು ಮಕ್ಕಳಿಗೆ ಖಂಡಿತವಾಗಿ ಹೇಳಿರಿ. ಈಜು ಕಲಿಸುವುದಾದರೆ ನಿಂತ ನೀರಿನಲ್ಲಿ, ಸೊಂಟಕ್ಕೆ ಹಗ್ಗ ಅಥವಾ ಬೆಂಡು ಕಟ್ಟಿ, ಬಲ್ಲ ಹಿರಿಯರು ಜೊತೆಗಿದ್ದು ಕಲಿಸಬೇಕು. ಬಟ್ಟೆ ಒಗೆಯಲು, ಎತ್ತು ಎಮ್ಮೆ ಮೈತೊಳೆಯಲು ಮಕ್ಕಳನ್ನೇ ಕಳಿಸಬೇಡಿ. ಕೃಷಿಹೊಂಡದ ಸುತ್ತ ಬೇಲಿ ಹಾಕಿ, ಒಳಕ್ಕೆ ಗಂಟು ಹಾಕಿದ ಹಗ್ಗವೊಂದನ್ನು ಗೂಟಕ್ಕೆ ಕಟ್ಟಿ ಇಳಿಬಿಡಿ. ಬಿದ್ದವರಿಗೆ ಹಿಡಿಯಲು ಅದೊಂದೇ ಆಸರೆ.

ಯಾರಾದರೂ ಮುಳುಗುತ್ತಿದ್ದರೆ ಈಜು ಬಾರದವರು ಧುಮುಕಬಾರದು. ಒಬ್ಬರನ್ನು ಉಳಿಸಲು ಹೋಗಿ ಇಬ್ಬರು ಹೋಗುವುದು ಹೀಗೆಯೇ. ಹಗ್ಗ, ಉದ್ದನೆಯ ಬಿದಿರು, ಗಂಟು ಹಾಕಿದ ಸೀರೆ ಅಥವಾ ಮುಚ್ಚಳ ಬಿಗಿದ ಖಾಲಿ ಕ್ಯಾನನ್ನು ಎಸೆಯಿರಿ. ಮೇಲೆ ತೆಗೆದ ಮಗುವನ್ನು ತಲೆಕೆಳಗಾಗಿ ತಿರುಗಿಸುವುದು, ಹೊಟ್ಟೆ ಒತ್ತುವುದು ತಪ್ಪು. ಅಮೂಲ್ಯವಾದ ಕಾಲ ಅದರಲ್ಲಿ ಕಳೆಯುತ್ತದೆ. ಉಸಿರಿಲ್ಲದಿದ್ದರೆ ಅಂಗಾತ ಮಲಗಿಸಿ, ಮೂಗು ಹಿಡಿದು ಬಾಯಿಗೆ ಬಾಯಿಟ್ಟು 5 ಸಲ ಉಸಿರು ಕೊಡಿ. ಬಳಿಕ ಎದೆಯ ನಡುವೆ 30 ಸಲ ಒತ್ತುವುದು, 2 ಸಲ ಉಸಿರು ಕೊಡುವುದು, ಇದನ್ನು ಬಿಡದೆ ಮುಂದುವರಿಸಿರಿ. ಇನ್ನೊಬ್ಬರು ಕೂಡಲೇ 108ಕ್ಕೆ ಕರೆ ಮಾಡಲಿ. ಇದನ್ನು ಒಮ್ಮೆ ಕಣ್ಣಾರೆ ಕಲಿಯಲು ಊರಿನ ಯುವಕರು ಪ್ರಾಥಮಿಕ ಆರೋಗ್ಯ ಕೇಂದ್ರದವರನ್ನು ಕರೆಸಿಕೊಳ್ಳುವುದು ಒಳ್ಳೆಯದು.

ಬಿಸಿಲು, ಔಷಧಿ, ಯಂತ್ರ

ಮಧ್ಯಾಹ್ನ 12ರಿಂದ 3 ಗಂಟೆಯವರೆಗೆ ಮಕ್ಕಳನ್ನು ನೆರಳಲ್ಲಿರಿಸಿ. ಮಜ್ಜಿಗೆ, ಪಾನಕ, ನೀರು ಆಗಾಗ ಕೊಡಿ. ವಾಂತಿ ಭೇದಿಯಾದರೆ ಒಂದು ಲೀಟರು ಕಾಯಿಸಿ ಆರಿಸಿದ ನೀರಿಗೆ 6 ಮಟ್ಟ ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಕದಡಿ ಸ್ವಲ್ಪಸ್ವಲ್ಪವಾಗಿ ಕುಡಿಸಿರಿ. ಮೈ ಸುಡುತ್ತ ಮಂಕು ಕವಿದರೆ ಒದ್ದೆ ಬಟ್ಟೆಯಿಂದ ಮೈ ತಣಿಸುತ್ತ ಆಸ್ಪತ್ರೆಗೆ ಒಯ್ಯಿರಿ.

ಕೀಟನಾಶಕದ ಡಬ್ಬಿಯನ್ನು ಮಕ್ಕಳ ಕೈಗೆಟುಕದ ಹಾಗೆ ಬೀಗದಲ್ಲಿಡಿ. ಖಾಲಿಯಾದ ಡಬ್ಬಿಯಲ್ಲಿ ನೀರು, ಎಣ್ಣೆ ತುಂಬಬಾರದು. ಮೇ ತಿಂಗಳಲ್ಲಿ ಭತ್ತ ಕೊಯ್ಯುವ ಯಂತ್ರ ಗದ್ದೆಗಿಳಿದಾಗ ಮಕ್ಕಳು ಅದರ ಹಿಂದೆಮುಂದೆ ಓಡದಂತೆ ಒಬ್ಬರು ಕಾಯಲೇಬೇಕು.

ಶಾಲೆಯ ಬಿಸಿಯೂಟ, ಹಾಲು ರಜದಲ್ಲಿ ನಿಲ್ಲುತ್ತವೆ. ಆ ಹೊತ್ತಿನ ಊಟ ಮನೆಯಲ್ಲಿ ತಪ್ಪಬಾರದು. ಬರಪೀಡಿತವೆಂದು ಸಾರಿದ ತಾಲ್ಲೂಕುಗಳಲ್ಲಿ 2024ರ ಬೇಸಗೆ ರಜದಲ್ಲಿಯೂ ಶಾಲೆಯಲ್ಲಿ ಊಟ ಕೊಟ್ಟಿದ್ದರು. ಅಂಥ ಏರ್ಪಾಡು ಇದ್ದಾಗ ಮಕ್ಕಳನ್ನು ತಪ್ಪದೆ ಕಳಿಸಿರಿ.

ಕಲಿತದ್ದು ಮರೆಯದಿರಲಿ

ಏಪ್ರಿಲ್ 11ರಿಂದ ಮೇ 28ರವರೆಗೆ ಎಂದರೆ 48 ದಿನ. ಅಷ್ಟು ದಿನ ನೀರು ಕಾಣದ ಸಸಿಮಡಿ ಏನಾಗುತ್ತದೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ದಿನಕ್ಕೆ ಅರ್ಧ ಗಂಟೆ ಸಾಕು. ನಿಮಗೆ ಓದು ಬಾರದಿದ್ದರೂ ಚಿಂತೆಯಿಲ್ಲ. ನಾಲೆಗೆ ನೀರು ಬಿಡುವ ಪ್ರಕಟಣೆ, ಬೀಜದ ಚೀಟಿ, ಸಂಘದ ರಸೀತಿ, ಇವನ್ನೆಲ್ಲ ಮಗುವಿನಿಂದಲೇ ಗಟ್ಟಿಯಾಗಿ ಓದಿಸಿ ಕೇಳಿರಿ. ಒಂದು ಚೀಲ ಭತ್ತ 60 ಕಿಲೋ ತೂಗಿದರೆ 25 ಚೀಲಕ್ಕೆ ಎಷ್ಟು ಕ್ವಿಂಟಾಲು? 40 ಗುಂಟೆಗೆ ಒಂದು ಎಕರೆಯಾದರೆ 70 ಗುಂಟೆ ಎಷ್ಟು? ದೊಡ್ಡ ಮಕ್ಕಳಿಗೆ ಯೂರಿಯಾ ಚೀಲ ತೋರಿಸಿರಿ. ಅದರಲ್ಲಿ ನೂರಕ್ಕೆ 46 ಭಾಗ ಸಾರಜನಕವಿದ್ದರೆ 45 ಕಿಲೋ ಚೀಲದಲ್ಲಿ ಎಷ್ಟು? ಉತ್ತರ 20 ಕಿಲೋ 700 ಗ್ರಾಂ. ಈ ಲೆಕ್ಕ ಬಲ್ಲ ಮಗುವಿರುವ ಮನೆಯಲ್ಲಿ ಗೊಬ್ಬರ ದಂಡವಾಗುವುದಿಲ್ಲ. ಗ್ರಾಮ ಪಂಚಾಯಿತಿಯ ಗ್ರಂಥಾಲಯದಲ್ಲಿ 2020ರಿಂದ ಶಾಲೆಯ ಮಕ್ಕಳಿಗೆ ಸದಸ್ಯತ್ವ ಉಚಿತ. ರಜದಲ್ಲಿ ಅದನ್ನು ಬಳಸಿಕೊಳ್ಳಿರಿ.

ಬಿತ್ತನೆಯೂ ಶಾಲೆಯೂ ಒಟ್ಟಿಗೆ ಬಂದಾಗ

ನಮ್ಮ ಸೀಮೆಯ ಕಷ್ಟ ಇರುವುದು ಇಲ್ಲಿಯೇ. ಶಾಲೆ ತೆರೆಯುವುದಕ್ಕೂ ಮಳೆ ಬಿದ್ದು ಮೆಕ್ಕೆಜೋಳ ಬಿತ್ತುವುದಕ್ಕೂ ಹೆಚ್ಚು ಅಂತರವಿಲ್ಲ. ಹದ ತಪ್ಪಬಾರದು, ಆಳು ಸಿಗುವುದಿಲ್ಲ. ಆಗ ದೊಡ್ಡ ಮಗ ಎತ್ತಿನ ಹಿಂದೆ, ದೊಡ್ಡ ಮಗಳು ಕೂಸಿನ ತೊಟ್ಟಿಲ ಮುಂದೆ. ನಾಲ್ಕೇ ದಿನವೆಂದು ಹೇಳಿ ನಿಲ್ಲಿಸಿದ್ದು ಇಪ್ಪತ್ತು ದಿನವಾಗುತ್ತದೆ. 1ರಿಂದ 5ನೆಯ ತರಗತಿಗೆ ವರ್ಷಕ್ಕೆ ಕನಿಷ್ಠ 200 ದಿನ ಪಾಠ ನಡೆಯಬೇಕೆಂದು ಕಾಯಿದೆ ಹೇಳುತ್ತದೆ. ಇಪ್ಪತ್ತು ದಿನ ಎಂದರೆ ಅದರಲ್ಲಿ ಹತ್ತನೆಯ ಒಂದು ಪಾಲು. ಅದೂ ಹೊಸ ಪಾಠಕ್ಕೆ ಬುನಾದಿ ಹಾಕುವ ದಿನಗಳು. ವಯಸ್ಸು ಮೀರಿದ ಭತ್ತದ ಸಸಿ ನಾಟಿ ಮಾಡಿದರೆ ತೆಂಡೆ ಕಡಿಮೆಯಾಗುತ್ತದೆ, ಆಮೇಲೆ ಎಷ್ಟು ಗೊಬ್ಬರ ಸುರಿದರೂ ಆ ನಷ್ಟ ಪೂರ್ತಿ ತುಂಬುವುದಿಲ್ಲ. ಓದಿನಲ್ಲಿಯೂ ಹಾಗೆಯೇ.

ಇದಕ್ಕೆ ದಾರಿಯಿದೆ. ಬೀಜ, ಗೊಬ್ಬರ ತರುವುದು, ಕೂರಿಗೆ ಸರಿಪಡಿಸುವುದು, ಇವನ್ನು ಮೇ ತಿಂಗಳಲ್ಲಿಯೇ ಮುಗಿಸಿರಿ. ಅಕ್ಕಪಕ್ಕದ ನಾಲ್ಕು ಮನೆಯವರು ಮುಯ್ಯಾಳಿನ ಪದ್ಧತಿಯಂತೆ ಒಬ್ಬರ ಹೊಲಕ್ಕೆ ಒಬ್ಬರು ಆಗಿರಿ. ಕೂಸುಗಳನ್ನು ನೋಡಿಕೊಳ್ಳಲು ನಾಲ್ಕು ಮನೆಗೆ ಸೇರಿ ಒಬ್ಬ ಅಜ್ಜಿ ಸಾಕು. ಮೂರು ವರ್ಷ ದಾಟಿದವರಿಗೆ ಅಂಗನವಾಡಿ ಇದೆ. ಕೂಸಿನ ಮನೆ ಇರುವ ಪಂಚಾಯಿತಿಗಳಲ್ಲಿ ಅದನ್ನೂ ವಿಚಾರಿಸಿರಿ. 14 ವರ್ಷದೊಳಗಿನ ಮಕ್ಕಳನ್ನು ಕೂಲಿಗೆ ಕಳಿಸುವುದು ಕಾಯಿದೆಯಂತೆ ಅಪರಾಧ. 2016ರ ತಿದ್ದುಪಡಿಯಂತೆ ಸ್ವಂತ ಮನೆಯ ಕೆಲಸಕ್ಕೆ ನೆರವಾಗುವುದೂ ಶಾಲೆಯ ಹೊತ್ತು ಮುಗಿದ ಮೇಲೆ ಅಥವಾ ರಜದ ದಿನಗಳಲ್ಲಿ ಮಾತ್ರ.

ಬಿತ್ತನೆಯ ಖರ್ಚಿನ ನಡುವೆ ಶಾಲೆಯ ಖರ್ಚಿಗೆ ಸಾಲ ಮಾಡಬೇಕಾಗಿಲ್ಲ. ಸರ್ಕಾರಿ ಶಾಲೆಯಲ್ಲಿ ಪಠ್ಯಪುಸ್ತಕ, ಸಮವಸ್ತ್ರ, ಬೂಟು, ಊಟ, ಹಾಲು ಎಲ್ಲವೂ ಉಚಿತ.

ಕೊನೆಯದಾಗಿ, ಶಾಲೆ ನಿಮ್ಮದೇ. ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಸದಸ್ಯರು ತಂದೆತಾಯಿಗಳೇ ಇರಬೇಕು, ಅರ್ಧದಷ್ಟು ಹೆಂಗಸರಿರಬೇಕು ಎಂದು ಕಾಯಿದೆಯಿದೆ. ಮಳೆಗಾಲಕ್ಕೆ ಮುಂಚೆ ಒಂದು ದಿನ ಸೇರಿ ಹಂಚು ಕೈಯಾಡಿಸಿ, ನೀರಿನ ತೊಟ್ಟಿ ತೊಳೆದು, ಕಕ್ಕಸಿಗೆ ನೀರು ಬರುವಂತೆ ಮಾಡಿರಿ. ಬೆಳೆಯುವ ಸಿರಿ ಮೊಳಕೆಯಲ್ಲಿ ಎಂಬ ಗಾದೆ ರೈತರಾದ ನಿಮಗೆ ಹೊಸದಲ್ಲ. ಬಾಗಿಲು ತೆರೆದ ಮೊದಲನೆಯ ದಿನವೇ ನಿಮ್ಮ ಊರಿನ ಪ್ರತಿಯೊಂದು ಮಗುವೂ ಶಾಲೆಯಲ್ಲಿರುವಂತೆ ನೋಡಿಕೊಳ್ಳಿರಿ.